ನಡುವೆ ನಿಂತು ಕೇಳುವುದು

ಬೆಂಗಳೂರಿನಲ್ಲಿದ್ದ ತಂಗಿಗೆ ನಮ್ಮ ಅಂಗಳ ಕಾಣುತ್ತಿತ್ತು. ಅಂಗಳಕ್ಕೆ ತಾಗಿದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಅಪ್ಪನಿಗೆ ಕಾಣುತ್ತಿರಲಿಲ್ಲ.

“ಎಂತ ಮಾರಾಯ ಇದು? ಅವಳಿಗೆ ಅಲ್ಲಿಂದ ಕಾಣ್ತದೆ. ನಂಗೆ ಕಿಟಕಿ ತೆಗೆದ್ರೆ ಕಾಣ್ತದೆ. ಇದರಲ್ಲಿ ಮಾತ್ರ ಕಾಣೋದಿಲ್ಲ” ಎಂದು ಅಪ್ಪ ಮಾನಿಟರಿನ ನೆತ್ತಿಗೆ ಮೊಟಕಿದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಒಣಹಾಕಿದ ಅಡಿಕೆ ಕಾಯಲೆಂದು ಕ್ಯಾಮೆರಾ ಹಾಕಿಸಿದವರು ಅವರು. ನಾನು ಊರಿಗೆ ಬರುವ ತನಕ ಅದು ಸರಿಯಾಗಿಯೇ ಇತ್ತು.

ಸಾಗರದಿಂದ ತುಸು ದೂರದ ನಮ್ಮ ಮನೆಗೆ ನಾನು, ಹೆಂಡತಿ, ಮಗಳು ಗಂಟುಮೂಟೆ ಸಮೇತ ಬಂದು ಸೇರಿದ್ದು 2020ರಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ. ಮನೆಗೆ ಅದಾಗಲೇ ಫೈಬರ್ ಬಂದಿತ್ತು. ಫೈಬರಿನವರು ಕೊಟ್ಟ ಒಂದೇ ರೂಟರಿಗೆ ನನ್ನ ಆಫೀಸಿನ ಲ್ಯಾಪ್‌ಟಾಪು, ಮಗಳ ಕ್ಲಾಸಿನ ಟ್ಯಾಬು, ಟಿವಿ, ಪ್ರಿಂಟರು, ಅಟ್ಟದ ಮೆಟ್ಟಿಲ ಕೆಳಗಿದ್ದ ಕ್ಯಾಮೆರಾ ರೆಕಾರ್ಡರು ಎಲ್ಲವೂ ಜೋತುಬಿದ್ದಿದ್ದವು. ಎಲ್ಲಕ್ಕೂ 192.168.1 ಎಂದು ಶುರುವಾಗುವ ವಿಳಾಸ. ಯಾರು ಯಾರನ್ನು ಬೇಕಾದರೂ ಮಾತಾಡಿಸಬಹುದು.

ಕಂಪನಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದವನಿಗೆ ಇದು ನಿದ್ದೆಗೆಡಿಸುವ ವಿಷಯ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಮಾಡಿದ ಹಾವಳಿ ನಮ್ಮ ವೃತ್ತಿಯವರು ಮರೆಯುವಂಥದ್ದಲ್ಲ. ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡ ಕ್ಯಾಮೆರಾ, ರೆಕಾರ್ಡರು, ರೂಟರುಗಳನ್ನು ಹುಡುಕಿ ಹುಡುಕಿ ಅದು ಒಳನುಗ್ಗುತ್ತಿತ್ತು. ಅದರ ಕೈಲಿದ್ದ ಆಯುಧ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ. ಅಂಥ ಯಂತ್ರಗಳ ದಂಡು ಕಟ್ಟಿಕೊಂಡು ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೂ ಗಂಟೆಗಟ್ಟಲೆ ತತ್ತರಿಸಿದವು. ನಮ್ಮ ಮೆಟ್ಟಿಲ ಕೆಳಗಿನ ಪೆಟ್ಟಿಗೆಯೂ ಅದೇ ಜಾತಿಯದು. ಅದರ ಪಾಸ್‌ವರ್ಡು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಕಿಹೋದ ಹುಡುಗನಿಗೆ ಮಾತ್ರ ಗೊತ್ತು.

ಹಾಗಾಗಿ ಮನೆ ಪಾಲಾಯಿತು. ಹಳೆಯ ಸಣ್ಣ ಪಿಸಿಯೊಂದಕ್ಕೆ ಒಪಿಎನ್‌ಸೆನ್ಸ್ ಹಾಕಿ ಫೈರ್‌ವಾಲ್ ಮಾಡಿದೆ. ಮನೆಯವರಿಗೆ 192.168.10, ನನ್ನ ಆಫೀಸಿನ ಕೆಲಸಕ್ಕೆ 192.168.20, ಕ್ಯಾಮೆರಾ, ಟಿವಿ, ಪ್ರಿಂಟರಿಗೆ 192.168.30 ಎಂದು ಮೂರು ಸಬ್‌ನೆಟ್. ರೆಕಾರ್ಡರಿನ ವಿಳಾಸ ಬದಲಿಸಲು ಆ ಹುಡುಗನನ್ನೇ ಕರೆಸಿದೆ. ಅವನು ಬಂದು 192.168.30.15 ಎಂದು ಕೊಟ್ಟು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದ.

ಒಪಿಎನ್‌ಸೆನ್ಸ್ 2015ರಲ್ಲಿ ಪಿಎಫ್‌ಸೆನ್ಸ್‌ನಿಂದ ಕವಲೊಡೆದ ತಂತ್ರಾಂಶ. ಎರಡರ ಹೊಟ್ಟೆಯೊಳಗೂ ಪಿಎಫ್ ಎಂಬ ಒಂದೇ ಯಂತ್ರವಿದೆ. ಅದು ಓಪನ್‌ಬಿಎಸ್‌ಡಿ ಕೂಟದಲ್ಲಿ 2001ರಲ್ಲಿ ಹುಟ್ಟಿದ್ದು. ಮೂಲ ಪಿಎಫ್‌ನಲ್ಲಿ ನಿಯಮಗಳ ಪಟ್ಟಿಯನ್ನು ಕೊನೆತನಕ ಓದಿ, ಹೊಂದಿದ ನಿಯಮಗಳಲ್ಲಿ ಕಟ್ಟಕಡೆಯದು ಗೆಲ್ಲುತ್ತದೆ. ಈ ಪೆಟ್ಟಿಗೆಗಳ ಪರದೆಯಲ್ಲಿ ಬರೆಯುವ ನಿಯಮಗಳಲ್ಲಿ ಸಾಮಾನ್ಯವಾಗಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಬಂದವರು ಪಟ್ಟಿಯನ್ನು ತಲೆಕೆಳಗಾಗಿ ಓದುತ್ತ ವಾರಗಟ್ಟಲೆ ಒದ್ದಾಡುವುದನ್ನು ಆಫೀಸಿನಲ್ಲಿ ನೋಡಿದ್ದೇನೆ. ಇನ್ನೊಂದು ತೊಡಕು, ಯಾವ ಕಡೆ ನಿಯಮ ಬರೆಯಬೇಕು ಎಂಬುದು. ಪ್ಯಾಕೆಟ್ಟು ಫೈರ್‌ವಾಲಿನೊಳಕ್ಕೆ ಯಾವ ಬಾಗಿಲಿನಿಂದ ಬರುತ್ತದೋ ಆ ಬಾಗಿಲಲ್ಲಿ ತಪಾಸಣೆ. ಅಪ್ಪ ಕ್ಯಾಮೆರಾ ನೋಡಬೇಕೆಂದರೆ ನಿಯಮ ಇರಬೇಕಾದ್ದು ಮನೆಯವರ ಕಡೆಯ ಪಟ್ಟಿಯಲ್ಲಿ, ಕ್ಯಾಮೆರಾ ಕಡೆಯದರಲ್ಲಿ ಅಲ್ಲ. ಮರಳಿ ಬರುವ ಉತ್ತರಕ್ಕೆ ಬೇರೆ ಪರವಾನಗಿ ಬೇಡ; ಹೋದದ್ದನ್ನು ಫೈರ್‌ವಾಲ್ ನೆನಪಿಟ್ಟುಕೊಂಡಿರುತ್ತದೆ. ಕ್ಯಾಮೆರಾ ಕಡೆಯ ಪಟ್ಟಿಯಲ್ಲಿ ನಾನು ಬಿಟ್ಟದ್ದು ಇಷ್ಟೇ: ಹೊರಗಿನ ಇಂಟರ್‌ನೆಟ್ಟಿಗೆ ಹೋಗಬಹುದು, ಮನೆಯ ಉಳಿದೆರಡು ಪಾಲಿಗೆ ತಾನಾಗಿ ಬಾಯಿ ಹಾಕಬಾರದು.

ಮೊದಲು ಜಗಳ ತೆಗೆದದ್ದು ಪ್ರಿಂಟರು. ಮಗಳ ಶಾಲೆಯಿಂದ ದಿನಾ ಹಾಳೆ ಹಾಳೆ ವರ್ಕ್‌ಶೀಟು ಬರುತ್ತಿದ್ದ ಕಾಲ. ಹೆಂಡತಿಯ ಫೋನಿಗೆ ಪ್ರಿಂಟರೇ ಕಾಣದಾಯಿತು. “ನಿನ್ನೆ ತನಕ ಚೆನ್ನಾಗಿ ಬರ್ತಿತ್ತಲ್ಲ, ಅದೆಂಥ ರಿಪೇರಿ ಮಾಡಿದ್ರಿ?” ಎಂದಳು. ಫೋನು ಪ್ರಿಂಟರನ್ನು ಹುಡುಕುವ ರೀತಿಯೇ ಬೇರೆ. “ಇಲ್ಲಿ ಪ್ರಿಂಟರು ಯಾರಾದರೂ ಇದ್ದೀರಾ?” ಎಂದು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ, 5353ನೇ ಪೋರ್ಟಿಗೆ ಕರೆ ಕೊಡುತ್ತದೆ. ಈ ಕರೆ ಒಂದು ಸಬ್‌ನೆಟ್ಟಿನ ಗಡಿ ದಾಟಬಾರದೆಂದೇ ಅದನ್ನು ರೂಪಿಸಿದ್ದಾರೆ, ರೂಟರು ಅದನ್ನು ಆಚೆ ಸಾಗಿಸುವುದಿಲ್ಲ. ನೀವು ಎಷ್ಟೇ ಉದಾರವಾದ ನಿಯಮ ಬರೆದರೂ ವ್ಯರ್ಥ, ಏಕೆಂದರೆ ತಡೆದದ್ದು ನಿಯಮವಲ್ಲ. ಆ ಕರೆಯನ್ನು ಒಂದು ಕಡೆ ಕೇಳಿಸಿಕೊಂಡು ಇನ್ನೊಂದು ಕಡೆ ಪುನಃ ಕೂಗಿ ಹೇಳುವ ಸಣ್ಣ ತಂತ್ರಾಂಶವೊಂದನ್ನು ಪೆಟ್ಟಿಗೆಗೆ ಸೇರಿಸಬೇಕು. ಅದನ್ನು ಸೇರಿಸಿ, ಮುದ್ರಣಕ್ಕೆ ಬೇಕಾದ 631ನೇ ಪೋರ್ಟನ್ನು ಬಿಟ್ಟೆ. ವರ್ಕ್‌ಶೀಟು ಮತ್ತೆ ಬರತೊಡಗಿತು. ಮಗಳಿಗೆ ಮಾತ್ರ ಅದರಿಂದ ಏನೂ ಸಂತೋಷವಾಗಲಿಲ್ಲ.

ಆಮೇಲೆ ವಿಂಡೋಸಿನ ಉಪದ್ರ. ನನ್ನ ಲ್ಯಾಪ್‌ಟಾಪಿನಿಂದ ಅಪ್ಪನ ಕಂಪ್ಯೂಟರಿಗೆ ‘ಇದ್ದೀಯಾ?’ ಎಂದು ಪಿಂಗ್ ಕೊಟ್ಟರೆ ಉತ್ತರವಿಲ್ಲ. ಇದೂ ನನ್ನ ಫೈರ್‌ವಾಲಿನ ಕೆಲಸವಲ್ಲ. ವಿಂಡೋಸಿಗೆ ತನ್ನದೇ ಫೈರ್‌ವಾಲ್ ಇದೆ. ಮನೆಯ ಬಳಕೆಯಲ್ಲಿ ಅದು ಪಿಂಗಿಗೆ ಉತ್ತರ ಕೊಡುವುದು ಸಾಮಾನ್ಯವಾಗಿ ತನ್ನ ಸಬ್‌ನೆಟ್ಟಿನವರಿಗೆ ಮಾತ್ರ. ಪಕ್ಕದ ಸಬ್‌ನೆಟ್ಟು ಅದರ ಲೆಕ್ಕದಲ್ಲಿ ಪರದೇಶ. ಮನೆ ಪಾಲು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಇದಕ್ಕೆ ಎಡವುತ್ತಾರೆ. ಎಡವಿದವರು ಮೊದಲು ತೆರೆಯುವುದು ತಮ್ಮ ನಿಯಮದ ಪಟ್ಟಿಯನ್ನೇ.

ಈ ಪಟ್ಟಿಯ ಬಗ್ಗೆ ನನ್ನ ತಕರಾರು ಇದು: ನಾವು ಏನು ಬಯಸಿದ್ದೇವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಏನಾಗುತ್ತಿದೆ ಎಂಬುದು ಅದರಲ್ಲಿಲ್ಲ. ಆದರೂ ಕಣ್ಣಿಗೆ ಕಾಣುವುದು ಅದೊಂದೇ ಆದ್ದರಿಂದ ಕೆಟ್ಟದ್ದಕ್ಕೆಲ್ಲ ಅದನ್ನೇ ತಿದ್ದುತ್ತೇವೆ. ಒಂದು ನಿಯಮ ಮೇಲಕ್ಕೆ, ಒಂದು ಕೆಳಕ್ಕೆ, ಕೊನೆಗೆ ಬೇಸತ್ತು ‘ಎಲ್ಲರಿಗೂ ಎಲ್ಲವೂ’ ಎಂಬ ನಿಯಮ. ಅಲ್ಲಿಗೆ ಪಾಲು ಮಾಡಿದ್ದೂ ಸುಳ್ಳಾಗುತ್ತದೆ, ಕೆಟ್ಟದ್ದು ಕೆಟ್ಟೇ ಇರುತ್ತದೆ.

ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. ಅಪ್ಪನ ಕಂಪ್ಯೂಟರು 192.168.10.23. ಅದು ರೆಕಾರ್ಡರಿನ 554ನೇ ಪೋರ್ಟಿನಿಂದ ಚಿತ್ರ ತರಿಸಿಕೊಳ್ಳಬೇಕು. ಫೋನಿನ ಆ್ಯಪಿನಲ್ಲಿ ನೋಡಬಹುದಿತ್ತು, ಆದರೆ ಅದು ಫೈಬರಿನ ಮೂಲಕ ಯಾವುದೋ ಊರಿನ ಸರ್ವರಿಗೆ ಹೋಗಿ ಬರುವ ದಾರಿ. ಮಲೆನಾಡಿನ ಮಳೆಗಾಳಿಗೆ ಮರ ಬಿದ್ದು ಫೈಬರ್ ತುಂಡಾಯಿತೋ, ಅಂಗಳವೂ ಮಾಯ. ನಮ್ಮ ಮನೆಯ ಅಡಿಕೆ ನೋಡಲು ಪರರಾಜ್ಯದ ಅಪ್ಪಣೆ ಯಾಕೆ ಎನ್ನುವುದು ಅಪ್ಪನ ವಾದ. ನನಗೂ ಒಪ್ಪಿಗೆಯಾದ ವಾದ.

ನಿಯಮ ಸರಿ ಇತ್ತು. ಅದಕ್ಕೆ ಲಾಗ್ ಹಾಕಿದೆ: ಅಪ್ಪನ ಕಂಪ್ಯೂಟರಿನಿಂದ ಹೋದ ಪ್ರತಿ ಕರೆಯೂ ಹಸಿರು, ‘ಬಿಟ್ಟಿದ್ದೇನೆ’ ಎಂದು. ಫೈರ್‌ವಾಲಿನ ಪರದೆಯಿಂದಲೇ ರೆಕಾರ್ಡರಿಗೆ ಪಿಂಗ್ ಕೊಟ್ಟೆ. ತಟಕ್ಕನೆ ಉತ್ತರ ಬಂತು. ಅಷ್ಟು ಹೊತ್ತು “ಇಲಿ ಕಡಿದಿರ್ತದೆ, ವಯರು ನೋಡು” ಎನ್ನುತ್ತಿದ್ದ ಅಪ್ಪನ ಊಹೆ ಅಲ್ಲಿಗೆ ಬಿದ್ದುಹೋಯಿತು. ಆದರೆ ಈ ಪಿಂಗ್ ನಂಬಲು ತಕ್ಕ ಸಾಕ್ಷಿಯಲ್ಲ. ಫೈರ್‌ವಾಲಿಗೆ ಮೂರೂ ಪಾಲಿನಲ್ಲಿ ಒಂದೊಂದು ವಿಳಾಸವಿದೆ; ಕ್ಯಾಮೆರಾ ಪಾಲಿಗೆ ಪಿಂಗ್ ಕೊಡುವಾಗ ಅದು ತನ್ನ 192.168.30.1 ಎಂಬ ವಿಳಾಸದಿಂದ ಕೊಡುತ್ತದೆ, ಅಂದರೆ ಒಳಗಿನವನಾಗಿ. ಪಿಂಗ್ ಪುಟದಲ್ಲಿ ಹೊರಡುವ ವಿಳಾಸ ಆರಿಸುವ ಒಂದು ಖಾನೆ ಇದೆ, ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ಅಲ್ಲಿ 192.168.10.1 ಎಂದು ಹಾಕಿ ಮತ್ತೆ ಕೊಟ್ಟೆ. ಮೌನ.

ಮೌನದಲ್ಲೂ ಬಗೆಗಳಿವೆ. ಯಂತ್ರ ಬದುಕಿದ್ದು ಪೋರ್ಟ್ ಮುಚ್ಚಿದ್ದರೆ ‘ಇಲ್ಲ’ ಎಂಬ ಉತ್ತರ ಕೂಡಲೇ ಬರುತ್ತದೆ. ಫೈರ್‌ವಾಲ್ ಸದ್ದಿಲ್ಲದೆ ನುಂಗಿದ್ದರೆ ಕಾದು ಕಾದು ಕೈಬಿಡಬೇಕಾಗುತ್ತದೆ. ಮನೆಯೊಳಗಿನ ಗಡಿಗಳಲ್ಲಿ ನುಂಗುವ ಬದಲು ‘ಇಲ್ಲ’ ಎಂದು ಹೇಳಿಸುವುದು ಲೇಸು ಎಂಬುದು ನನ್ನ ಮತ. ಹೊರಗಿನ ಕಳ್ಳನಿಗೆ ಉತ್ತರ ಕೊಡಬೇಕಾಗಿಲ್ಲ, ಮನೆಯವರಿಗೆ ಕೊಡದಿದ್ದರೆ ಸತಾಯಿಸಿದಂತೆ. ನಮ್ಮಲ್ಲಿ ಹಾಗೇ ಮಾಡಿದ್ದೆ. ಅದರಿಂದ ಒಂದು ಸಂಗತಿ ಖಚಿತವಾಯಿತು: ಇಷ್ಟು ಹೊತ್ತು ಕಾಯಿಸುವ ಮೌನ ನನ್ನ ಪೆಟ್ಟಿಗೆಯದಲ್ಲ.

ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಅವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. 2000ದ ಅಕ್ಟೋಬರ್ 1ಕ್ಕೆ ಅದು ಬಿಎಸ್‌ಎನ್‌ಎಲ್ ಆದಮೇಲೂ ನಿವೃತ್ತಿಯ ತನಕ ಅದೇ ಕೆಲಸ. 198ಕ್ಕೆ ದೂರು ಬಂದರೆ ಸೈಕಲ್ ಹತ್ತಿ ಹೊರಡುತ್ತಿದ್ದರು. ಶಾಲೆಗೆ ರಜೆ ಇದ್ದಾಗ ಹಿಂದಿನ ಕ್ಯಾರಿಯರಿನಲ್ಲಿ ನಾನು. ಫೋನು ಕೆಟ್ಟಿದ್ದು ಯಾರ ಮನೆಯದೋ, ಅಪ್ಪ ಮೊದಲು ಆ ಮನೆಗೆ ಹೋಗುತ್ತಿರಲಿಲ್ಲ. ಎಕ್ಸ್‌ಚೇಂಜಿನ ಎಂಡಿಎಫ್ ಚೌಕಟ್ಟಿನಿಂದ ಹೊರಟ ದಪ್ಪ ಕೇಬಲ್ಲು ರಸ್ತೆ ಬದಿಯ ಪಿಲ್ಲರಿಗೆ, ಪಿಲ್ಲರಿನಿಂದ ಕಂಬದ ಮೇಲಿನ ಡಿಪಿಗೆ, ಅಲ್ಲಿಂದ ತೆಳ್ಳನೆಯ ಜೋಡಿತಂತಿಯಾಗಿ ಮನೆಗೆ. ಅಪ್ಪ ಹೋಗುತ್ತಿದ್ದದ್ದು ನಡುವಿನ ಪಿಲ್ಲರಿಗೆ. ಅಲ್ಲಿ ಆ ಜೋಡಿಯ ಎರಡು ಬದಿಯನ್ನು ಕೂಡಿಸುವ ಜಂಪರ್ ತಂತಿ ಬಿಚ್ಚಿ, ಎಕ್ಸ್‌ಚೇಂಜ್ ಕಡೆಗೆ ಟೆಸ್ಟ್ ಫೋನ್ ಕಚ್ಚಿಸಿ ಕಿವಿಗಿಡುತ್ತಿದ್ದರು. ಟೋನ್ ಬಂತೆಂದರೆ ಆ ಕಡೆಯದೆಲ್ಲ ಚೊಕ್ಕ, ದೋಷ ಮನೆಯ ಕಡೆ. ಬರಲಿಲ್ಲವೆಂದರೆ ತಿರುಗಿ ಎಕ್ಸ್‌ಚೇಂಜಿನತ್ತ. ಪಿಲ್ಲರಿನೊಳಗೆ ಗೆದ್ದಲು, ಒಮ್ಮೊಮ್ಮೆ ಜೇನು, ಒಮ್ಮೆ ಹಾವು ಇದ್ದದ್ದೂ ಉಂಟು. ಮಳೆ ಹೊಯ್ಯುವಾಗ ಕೊಡೆ ಹಿಡಿದುಕೊಳ್ಳುವುದು ನನ್ನ ಡ್ಯೂಟಿ. ಕೊಡೆ ಹಿಡಿಯಬೇಕಾದ್ದು ಅಪ್ಪನಿಗಲ್ಲ, ಪಿಲ್ಲರಿಗೆ.

“ನಿನ್ನ ಪೆಟ್ಟಿಗೇಲಿ ಜಂಪರ್ ಬಿಚ್ಚಿ ಎರಡೂ ಕಡೆ ಕೇಳೋದಕ್ಕೆ ಆಗ್ತದಾ?” ಎಂದು ಕೇಳಿದರು.

ಬಿಚ್ಚುವುದೇ ಬೇಡ, ಹಾಗೇ ಕೇಳಬಹುದು. 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಕೂಡಿ ಬರೆದ ಟಿಸಿಪಿಡಂಪ್ ಇಂದಿಗೂ ನಮ್ಮ ಟೆಸ್ಟ್ ಫೋನು. ಮೊದಲು ಮನೆಯವರ ಬಾಗಿಲಿನಲ್ಲಿ ಕೇಳಿದೆ: ಅಪ್ಪನ ಕಂಪ್ಯೂಟರಿನ ಮೊದಲ ಕರೆ, ಸಿನ್ ಎಂಬ ಪ್ಯಾಕೆಟ್ಟು, ಬರುತ್ತಿದೆ. ಉತ್ತರ ಬಾರದ್ದಕ್ಕೆ ಅಂತರ ಹೆಚ್ಚಿಸುತ್ತ ಮತ್ತೆ ಮತ್ತೆ ಬರುತ್ತಿದೆ. ಆಮೇಲೆ ಕ್ಯಾಮೆರಾ ಬಾಗಿಲಿನಲ್ಲಿ ಕೇಳಿದೆ: ಅದೇ ಪ್ಯಾಕೆಟ್ಟು ಹೊರಬೀಳುತ್ತಿದೆ. ಮರಳಿ ಏನೂ ಇಲ್ಲ.

“ಹಂಗಾದ್ರೆ ಫಾಲ್ಟು ಸಬ್‌ಸ್ಕ್ರೈಬರ್ ಕಡೆದು” ಎಂದರು ಅಪ್ಪ. ಅವರಿಗೆ ಸಿನ್ ಅಂದರೇನು ಎಂದು ನಾನಿನ್ನೂ ಹೇಳಿರಲಿಲ್ಲ.

ಅಲ್ಲಿಯವರೆಗೆ ನಾನು 554ನೇ ಪೋರ್ಟಿನ ಮಾತನ್ನಷ್ಟೇ ಸೋಸಿ ಕೇಳುತ್ತಿದ್ದೆ. ಸೋಸುವುದನ್ನು ಸಡಿಲಿಸಿ, ಆ ರೆಕಾರ್ಡರು ಏನೇ ಆಡಿದರೂ ತೋರಿಸು ಎಂದು ಆಜ್ಞೆ ಬದಲಿಸಿದೆ. ಪರದೆಯ ತುಂಬ ಒಂದೇ ಸಾಲು ಓಡತೊಡಗಿತು: 192.168.10.23 ಯಾರ ಹತ್ತಿರ ಇದೆ? 192.168.30.15ಕ್ಕೆ ತಿಳಿಸಿ. ಮತ್ತೆ ಅದೇ. ಮತ್ತೆ ಅದೇ. ರೆಕಾರ್ಡರು ಮೌನವಾಗಿರಲೇ ಇಲ್ಲ. ಅಪ್ಪನ ಕರೆ ಕೇಳಿ ಉತ್ತರ ಕೊಡಲು ಹಾತೊರೆಯುತ್ತಿತ್ತು, ಯಾರ ಕೈಗೆ ಕೊಡಬೇಕೆಂದು ತಿಳಿಯದೆ ತನ್ನ ಪಾಲಿನೊಳಗೇ ವಿಚಾರಿಸುತ್ತಿತ್ತು.

ಎಆರ್‌ಪಿ ಎಂಬ ಈ ವಿಚಾರಣೆ 1982ರಿಂದ ಬಳಕೆಯಲ್ಲಿರುವ ಪದ್ಧತಿ. ಒಂದು ಯಂತ್ರ ತನ್ನ ಸಬ್‌ನೆಟ್ಟಿನಲ್ಲೇ ಇರುವ ಇನ್ನೊಂದರ ಹಾರ್ಡ್‌ವೇರ್ ವಿಳಾಸ ತಿಳಿಯಲು ಹೀಗೆ ಕೂಗಿ ಕೇಳುತ್ತದೆ. ಬೇರೆ ಸಬ್‌ನೆಟ್ಟಿನದಾದರೆ ಕೂಗುವುದಿಲ್ಲ, ಸೀದಾ ಗೇಟ್‌ವೇಗೆ, ಅಂದರೆ ನಮ್ಮಲ್ಲಿ ಫೈರ್‌ವಾಲಿಗೆ, ಒಪ್ಪಿಸುತ್ತದೆ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ಅದು ತೀರ್ಮಾನಿಸುವುದು ಸಬ್‌ನೆಟ್ ಮಾಸ್ಕ್ ನೋಡಿ. ನಮ್ಮಲ್ಲಿ ಅದು 255.255.255.0 ಇರಬೇಕು. ರೆಕಾರ್ಡರು ಹೀಗೆ ಕೂಗುತ್ತಿದೆ ಎಂದರೆ ಅದರ ಮಾಸ್ಕ್ ಅದಕ್ಕಿಂತ ಅಗಲವಾಗಿರಬೇಕು, ಬಹುಶಃ 255.255.0.0. ಆ ಲೆಕ್ಕದಲ್ಲಿ 192.168 ಎಂದು ಶುರುವಾಗುವ 65,536 ವಿಳಾಸಗಳೂ ತನ್ನ ಪಾಲಿನವೇ. ಇಡೀ ಸಾಗರ ಪೇಟೆಯನ್ನೇ ತನ್ನ ಕೇರಿ ಎಂದುಕೊಂಡವನು ಅಂಚೆಗೆ ಹಾಕುವುದು ಬಿಟ್ಟು ಜಗಲಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದ ಹಾಗೆ. ಕೇರಿಯಲ್ಲಿ ಆ ಹೆಸರಿನವರಿಲ್ಲ, ಓಗೊಡುವವರೂ ಇಲ್ಲ.

ತಂಗಿಗೆ ಯಾಕೆ ಕಾಣುತ್ತಿತ್ತು ಎಂಬುದಕ್ಕೂ ಅದೇ ಸಾಲಿನಲ್ಲಿ ಉತ್ತರವಿತ್ತು. ಅವಳ ಆ್ಯಪಿನ ದಾರಿ ಇಂಟರ್‌ನೆಟ್ಟಿನ ಸರ್ವರಿನದು. ಆ ವಿಳಾಸ 192.168 ಎಂದು ಶುರುವಾಗುವುದಿಲ್ಲ, ಆ ಸಾಲನ್ನು ಖಾಸಗಿ ಬಳಕೆಗೆಂದೇ ಎತ್ತಿಟ್ಟಿದ್ದಾರೆ. ಹಾಗಾಗಿ ರೆಕಾರ್ಡರು ಆ ಸರ್ವರನ್ನು ಸರಿಯಾಗಿಯೇ ಹೊರಗಿನವರೆಂದು ತಿಳಿದು ಗೇಟ್‌ವೇಗೆ ಒಪ್ಪಿಸುತ್ತಿತ್ತು. ಲೋಕಕ್ಕೆಲ್ಲ ಸಲ್ಲುವ ಉತ್ತರ ಪಕ್ಕದ ಕೋಣೆಗೆ ಮಾತ್ರ ಸಲ್ಲುತ್ತಿರಲಿಲ್ಲ. ಮನೆ ಪಾಲಾಗುವ ಮುಂಚೆ ಎಲ್ಲರೂ ಒಂದೇ ಪಾಲಿನಲ್ಲಿದ್ದಾಗ ಆ ಅಂಕಿಯಿಂದ ಯಾರಿಗೂ ತೊಂದರೆಯಿರಲಿಲ್ಲ. ಕೆಲವು ರೂಟರುಗಳು ಇಂಥ ಕೂಗಿಗೆ ಬೇರೆಯವರ ಪರವಾಗಿ ತಾವೇ ಓಗೊಟ್ಟು ಹೇಗೋ ಸಾಗಿಸಿಬಿಡುತ್ತವೆ. ಅಂಥ ಮನೆಗಳಲ್ಲಿ ಈ ದೋಷ ವರ್ಷಾನುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ.

ದೋಷ ಸಿಕ್ಕಿತು, ತಿದ್ದಲು ಪಾಸ್‌ವರ್ಡಿಲ್ಲ. ಆ ಹುಡುಗನಿಗೆ ಫೋನ್ ಮಾಡಿದರೆ ಹೊಸನಗರದ ಕಡೆ ಕೆಲಸದಲ್ಲಿದ್ದೇನೆ, ಬರುತ್ತೇನೆ ಎಂದ. ಅಂಗಳದಲ್ಲಿ ಆಗಲೇ ಬೇಯಿಸಿದ ಅಡಿಕೆ ಬಿದ್ದಿತ್ತು. ಫೈರ್‌ವಾಲಿನಲ್ಲಿ ಒಂದು ನ್ಯಾಟ್ ನಿಯಮ ಹಾಕಿದೆ: ಮನೆಯವರ ಪಾಲಿನಿಂದ ಆ ರೆಕಾರ್ಡರಿಗೆ ಹೋಗುವ ಪ್ಯಾಕೆಟ್ಟುಗಳ ಮೇಲೆ ಕಳಿಸಿದವರ ವಿಳಾಸ ಅಳಿಸಿ 192.168.30.1 ಎಂದು ಬರೆ. ರೆಕಾರ್ಡರಿಗೆ ಈಗ ಕರೆದವರು ತನ್ನ ಪಾಲಿನವರೇ ಎನಿಸಿತು. ಅಪ್ಪನ ಪರದೆಯಲ್ಲಿ ಅಂಗಳ ಬಂತು, ಅಂಗಳದಲ್ಲಿ ಅಡಿಕೆ ಎಳೆಯುತ್ತಿದ್ದ ಅಮ್ಮ ಬಂದರು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು “ಇದು ಟೆಂಪ್ರವರಿ ಜಂಪರ್ ಅಲ್ವಾ?” ಎಂದರು. ಮುಖದಲ್ಲಿ ಮೆಚ್ಚುಗೆಯಿರಲಿಲ್ಲ. ಎಂಡಿಎಫ್‌ನಲ್ಲಿ ತುರ್ತಿಗೆಂದು ಯಾರೋ ಎಳೆದ ಜಂಪರುಗಳು, ರಿಜಿಸ್ಟರಿನಲ್ಲಿ ನಮೂದಾಗದೆ, ಎಳೆದವರು ವರ್ಗವಾಗಿ ಹೋದಮೇಲೂ ಉಳಿದು, ಮುಂದೆ ಬಂದವರ ಜೀವ ತಿಂದ ಕತೆಗಳು ಅವರ ಬಳಿ ಬೇಕಾದಷ್ಟಿವೆ. ಅವರ ಅನುಮಾನ ಸುಳ್ಳಲ್ಲ. ಈ ನ್ಯಾಟ್‌ನಿಂದ ರೆಕಾರ್ಡರಿನ ದಾಖಲೆಯಲ್ಲಿ ಮನೆಯ ಯಾರು ನೋಡಿದರೂ ನೋಡಿದವರು 192.168.30.1 ಎಂದೇ ಬೀಳುತ್ತದೆ. ಯಾರು ಕದ್ದು ನೋಡಿದರೆಂದು ನಾಳೆ ಹುಡುಕಬೇಕಾಗಿ ಬಂದರೆ ಆ ದಾಖಲೆ ಇದ್ದೂ ಇಲ್ಲದ್ದಕ್ಕೆ ಸಮ.

ಹುಡುಗ ಕೊನೆಗೂ ಬಂದ. ಮಾಸ್ಕ್ ತೋರಿಸಿದರೆ “ಎಲ್ಲಾ ಕಡೆ ಹಿಂಗೇ ಹಾಕೋದು ಸಾರ್. ರೂಟರು ಸೊನ್ನೆ ಸಾಲಿಂದಿರ್ಲಿ, ಒಂದರ ಸಾಲಿಂದಿರ್ಲಿ, ನಡೀತದೆ” ಎಂದ. ಅವನ ಅನುಭವದಲ್ಲಿ ಅದು ನಿಜ. ಅಂಗಡಿ, ಮನೆ ಎಂದು ದಿನಕ್ಕೊಂದು ಊರು ತಿರುಗುವವನಿಗೆ ಯಾವ ರೂಟರಿಗೂ ಒಗ್ಗುವ ಅಗಲವಾದ ಅಂಕಿ ಅನುಕೂಲ. ಅವನನ್ನು ಬಯ್ಯಲು ನನಗೆ ಕಾರಣ ಸಿಗಲಿಲ್ಲ. ಪಾಸ್‌ವರ್ಡನ್ನು ಮಾತ್ರ ಬದಲು ಮಾಡಿಸಿಕೊಂಡೆ. ಅಂಕಿ ತಿದ್ದಿಸಿ, ನ್ಯಾಟ್ ನಿಯಮ ಅಳಿಸಿದೆ. ಅಪ್ಪನ ಪರದೆಯಲ್ಲಿ ಚಿತ್ರ ಹಾಗೇ ಓಡುತ್ತಿರುವುದನ್ನು ನೋಡಿ ಹುಡುಗ ಹೊರಡಲು ಎದ್ದ. ಸ್ವಲ್ಪ ಕೂರು ಎಂದೆ. ನಿಯಮ ಅಳಿಸಿದ ಮಾತ್ರಕ್ಕೆ ಅದರಡಿ ಶುರುವಾದ ಸಂಪರ್ಕ ಸಾಯುವುದಿಲ್ಲ. ಪಿಎಫ್ ಅದನ್ನು ನೆನಪಿನ ಪಟ್ಟಿಯಲ್ಲಿ ಇಟ್ಟುಕೊಂಡೇ ಇರುತ್ತದೆ. ಸ್ಥಾಪಿತವಾದ ಟಿಸಿಪಿ ಸಂಪರ್ಕವೊಂದು ಸುಮ್ಮನಿದ್ದರೂ 24 ಗಂಟೆ ಉಳಿಸುವುದು ಅದರ ವಾಡಿಕೆ. ಓಡುತ್ತಿದ್ದ ಚಿತ್ರ ಹಳೆಯ ಪರವಾನಗಿಯ ಮೇಲೇ ಓಡುತ್ತಿರಬಹುದು. ಆ ಪಟ್ಟಿ ತೆರೆದು ರೆಕಾರ್ಡರಿಗೆ ಸೇರಿದ ಸಾಲುಗಳನ್ನು ಅಳಿಸಿದೆ. ಚಿತ್ರ ನಿಂತಿತು. ಅಪ್ಪ ನನ್ನತ್ತ ತಿರುಗುವಷ್ಟರಲ್ಲಿ ಮತ್ತೆ ಬಂತು. ಆಗ ಹುಡುಗನಿಗೆ ಹೋಗಬಹುದು ಎಂದೆ.

ಆಮೇಲೆ ಊರಲ್ಲಿ, ನೆಂಟರಲ್ಲಿ ಯಾರೋ ಒಬ್ಬರು ಆಗಾಗ ಫೋನ್ ಮಾಡುವುದು ಶುರುವಾಯಿತು. ಮನೆಯಿಂದ ಕೆಲಸ ಮಾಡುವ ಹುಡುಗರು ಮಲೆನಾಡಿನ ಹಳ್ಳಿಗಳಲ್ಲೆಲ್ಲ ಇದ್ದರು, ಅವರಲ್ಲಿ ಕೆಲವರಿಗೆ ಮನೆ ಪಾಲು ಮಾಡುವ ಹುಕಿಯೂ ಬಂದಿತ್ತು. ಎಲ್ಲರೂ ಮೊದಲು ಕಳಿಸುತ್ತಿದ್ದದ್ದು ನಿಯಮದ ಪಟ್ಟಿಯ ಸ್ಕ್ರೀನ್‌ಶಾಟ್. ನಾನು ಅದನ್ನು ತೆರೆಯದೆ, ಆ ತುದಿಯ ಯಂತ್ರದ ಮಾಸ್ಕ್ ಎಷ್ಟು, ಗೇಟ್‌ವೇ ಹಾಕಿದ್ದೀಯಾ, ಅದು ವೈರು ವೈಫೈ ಎರಡಕ್ಕೂ ತಗುಲಿಕೊಂಡು ಎರಡು ಪಾಲಿನಲ್ಲಿ ಕಾಲಿಟ್ಟಿದೆಯಾ, ಅದಕ್ಕೆ ತನ್ನದೇ ಫೈರ್‌ವಾಲ್ ಇದೆಯಾ ಎಂದು ಕೇಳುತ್ತಿದ್ದೆ. ಎರಡೂ ಬಾಗಿಲಲ್ಲಿ ಕೇಳಿಸಿಕೊಂಡು ಹೇಳು ಎನ್ನುತ್ತಿದ್ದೆ. ಹೆಚ್ಚಿನ ಸಲ ಅಷ್ಟರಲ್ಲೇ ಗಂಟು ಬಿಚ್ಚುತ್ತಿತ್ತು.

ರಿಪ್ಪನ್‌ಪೇಟೆಯ ಕಡೆಯ ನೆಂಟರ ಹುಡುಗನೊಬ್ಬನದು ಮಾತ್ರ ಬಿಚ್ಚಲಿಲ್ಲ. ಹೊಸ ಪಾಲಿನಲ್ಲಿ ಯಾವ ಜಾಲತಾಣದ ಹೆಸರೂ ಹತ್ತುವುದಿಲ್ಲ, ಪಿಂಗೂ ಹೋಗುವುದಿಲ್ಲ. ಅಂಕಿಗಳಲ್ಲಿ ನೇರ ವಿಳಾಸ ಕೊಟ್ಟರೆ ಕೆಲವು ಪುಟ ತೆರೆಯುತ್ತವೆ. ಮಾಸ್ಕ್ ಸರಿ, ಗೇಟ್‌ವೇ ಸರಿ. ಬಾಗಿಲಲ್ಲಿ ಕೇಳಿಸಿದರೆ ಹೆಸರು ಕೇಳುವ ಪ್ಯಾಕೆಟ್ಟುಗಳು ಒಳಗೆ ಬರುತ್ತಿವೆ, ಆಚೆ ಬಾಗಿಲಿನಿಂದ ಹೊರಬೀಳುತ್ತಿಲ್ಲ. “ಮಾವ, ಆ ಸ್ಕ್ರೀನ್‌ಶಾಟ್ ಒಂದ್ಸಲ ನೋಡ್ತೀರಾ?” ಎಂದ. ತೆರೆದೆ. ಪಿಎಫ್‌ಸೆನ್ಸ್‌ನಲ್ಲಿ ಹೊಸ ನಿಯಮ ಬರೆಯಲು ಹೊರಟರೆ ಪ್ರೋಟೋಕಾಲ್ ಖಾನೆಯಲ್ಲಿ ಟಿಸಿಪಿ ಎಂದು ಮೊದಲೇ ತುಂಬಿರುತ್ತದೆ. ಅವನು ಅದನ್ನು ಹಾಗೇ ಬಿಟ್ಟಿದ್ದ. ಹೆಸರು ಹುಡುಕುವ ಡಿಎನ್‌ಎಸ್ ಹೆಚ್ಚಾಗಿ ಹೋಗುವುದು ಯುಡಿಪಿಯಲ್ಲಿ, ಪಿಂಗಿನದು ಐಸಿಎಂಪಿ. ಎರಡಕ್ಕೂ ಅಲ್ಲಿ ದಾರಿಯಿರಲಿಲ್ಲ. ಈ ಸಲ ಕೆಟ್ಟಿದ್ದು ನಿಯಮವೇ. ಅವನು ಖಾನೆ ಬದಲಿಸಿದ, ಪುಟಗಳು ತೆರೆದವು. ಪಕ್ಕದಲ್ಲಿ ಪೇಪರು ಓದುತ್ತಿದ್ದ ಅಪ್ಪ ತಲೆಯೆತ್ತದೆ, “ಎಕ್ಸ್‌ಚೇಂಜ್ ಕಡೆದು” ಎಂದರು.